ಶಿಬಿರಕ್ಕೆ ದುಡ್ಡು ಕಟ್ಟುವ ಮುನ್ನ

ಹೋಳಿ ಹುಣ್ಣಿಮೆ ಕಳೆದು ವಾರವಾಗುವುದರೊಳಗೆ ನಮ್ಮ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಣ್ಣಬಣ್ಣದ ಪೋಸ್ಟರ್‌ಗಳು ಸುರಿಯತೊಡಗುತ್ತವೆ. ರೋಬೋಟಿಕ್ಸ್, ಡ್ರೋನ್, ಗೇಮ್ ಡಿಸೈನ್, ಪೈಥಾನ್. ಈಚೆಗೆ ಇವೆಲ್ಲದರ ಹಿಂದೆಯೋ ಮುಂದೆಯೋ ‘ಎಐ’ ಎಂಬ ಎರಡಕ್ಷರ. ಹತ್ತು ದಿನ, ದಿನಕ್ಕೆ ಮೂರು ತಾಸು, ಕೊನೆಯ ದಿನ ಪ್ರದರ್ಶನ, ಎಲ್ಲರಿಗೂ ಪ್ರಮಾಣಪತ್ರ. ‘ಐದೇ ಸೀಟು ಉಳಿದಿವೆ’ ಎಂಬ ಸಾಲು ಮೊದಲ ದಿನದ ಪೋಸ್ಟರಿನಲ್ಲೇ ಇರುತ್ತದೆ. ಲಿಫ್ಟಿನಲ್ಲಿ ಸಿಕ್ಕವರು, ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಪಕ್ಕದಲ್ಲಿ ಕೂತವರು ನನ್ನನ್ನು ಕೇಳುವ ಪ್ರಶ್ನೆ ಒಂದೇ: ‘ನೀವು ಸಾಫ್ಟ್‌ವೇರ್‌ನವರು, ಎಂ.ಟೆಕ್ ಬೇರೆ ಮಾಡಿದ್ದೀರಿ. ಯಾವ ಕ್ಯಾಂಪಿಗೆ ಹಾಕಿದರೆ ಒಳ್ಳೇದು?’

ಹೋದ ವರ್ಷದವರೆಗೆ ಈ ಪ್ರಶ್ನೆಗೆ ನಾನು ಧಾರಾಳವಾಗಿ ಉತ್ತರ ಕೊಡುತ್ತಿದ್ದೆ. ಈಗ ಅಷ್ಟು ಸಲೀಸಾಗಿ ಬಾಯಿ ಬರುವುದಿಲ್ಲ. ಯಾಕೆಂದು ಮೊದಲು ಹೇಳಿಬಿಡುತ್ತೇನೆ.

ಹೋದ ಮೇ ತಿಂಗಳಲ್ಲಿ ಒಂಬತ್ತು ವರ್ಷದ ಮಗಳನ್ನು ಇಲ್ಲೇ ಪುಣೆಯಲ್ಲಿ, ಮನೆಯ ಹತ್ತಿರದ ಒಂದು ರೋಬೋಟಿಕ್ಸ್ ಶಿಬಿರಕ್ಕೆ ಸೇರಿಸಿದೆ. ಪೋಸ್ಟರಿನಲ್ಲಿ ಶುಲ್ಕ ₹14,500 ಎಂದಿತ್ತು. ಕಟ್ಟುವಾಗ ಶೇ 18 ಜಿಎಸ್‌ಟಿ ಸೇರಿ ₹17,110 ಆಯಿತು. ನಾನು ಕೋಡ್ ಬರೆಯುವವಳು ಎಂದು ತಿಳಿದ ಸಂಘಟಕರು ಕೊನೆಯ ದಿನಕ್ಕೆ ನನ್ನನ್ನೇ ಅತಿಥಿಯಾಗಿ ಕರೆದರು. ಒಳಗೊಳಗೇ ಖುಷಿಯಾಗಿ ಸೀರೆ ಉಟ್ಟುಕೊಂಡು ಹೋದೆ. 28 ಮಕ್ಕಳು, ಇಬ್ಬರಿಗೊಂದರಂತೆ 14 ಗಾಡಿ. ಬಿಳಿ ಫ್ಲೆಕ್ಸಿನ ಮೇಲೆ ಕಪ್ಪು ಟೇಪು ಅಂಟಿಸಿ ಮೊಟ್ಟೆಯಾಕಾರದ ದಾರಿ ಮಾಡಿದ್ದರು. ಗಾಡಿ ತಾನಾಗಿಯೇ ಆ ಗೆರೆ ಹಿಡಿದು ಸುತ್ತಬೇಕು. ಸುತ್ತುತ್ತಿದ್ದವು ಕೂಡ. ಅಷ್ಟರಲ್ಲಿ ಸೆಖೆಯೆಂದು ಯಾರೋ ಕಿಟಕಿಯ ಪರದೆ ಸರಿಸಿದರು. ಮಧ್ಯಾಹ್ನದ ಬಿಸಿಲಿನ ಪಟ್ಟಿಯೊಂದು ಫ್ಲೆಕ್ಸಿನ ಮೇಲೆ ಬಿತ್ತು. ಅಲ್ಲಿಗೆ ಬಂದ ಗಾಡಿಗಳೆಲ್ಲ ಗೆರೆ ಬಿಟ್ಟು ಎತ್ತಲೋ ಹೊರಟವು. ಅದರಲ್ಲಿ ಮಗಳದೂ ಒಂದು. ಶಿಕ್ಷಕರು ಓಡಿಬಂದು ಪರದೆ ಎಳೆದರು, ಮಗಳ ಕೈಗೆ ಬೇರೆ ಗಾಡಿ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. 28 ಪ್ರಮಾಣಪತ್ರಗಳನ್ನು ನನ್ನ ಕೈಯಿಂದಲೇ ಹಂಚಿದೆ. ಒಂದೊಂದರ ಮೇಲೂ ‘ಯುವ ರೋಬೋಟಿಕ್ಸ್ ಎಂಜಿನಿಯರ್’ ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತು.

ಸಂಜೆ ಊಟಕ್ಕೆ ಕೂತಾಗ ಮಗಳನ್ನು ಕೇಳಿದೆ: ‘ಗಾಡಿಗೆ ಗೆರೆ ಹೆಂಗ ಗೊತ್ತಾಗತದ?’

‘ಸರ್ ಪ್ರೋಗ್ರಾಮ್ ಹಾಕಿದಾರೆ.’

‘ಮತ್ತ ಬಿಸಿಲಿಗೆ ಹೋದಾಗ ಯಾಕ ದಾರಿ ತಪ್ಪಿತು?’

‘ಅದು ಕೆಟ್ಟೋಗಿತ್ತು. ಅದಕ್ಕೇ ಸರ್ ಬೇರೆ ಕೊಟ್ರಲ್ಲಮ್ಮ.’

ಗಾಡಿ ಎಲ್ಲಿ ಎಂದರೆ, ಮುಂದಿನ ಬ್ಯಾಚಿಗೆ ಬೇಕೆಂದು ವಾಪಸ್ ಇಟ್ಟುಕೊಂಡಿದ್ದಾರೆ. ಮನೆಗೆ ಬಂದದ್ದು ಪ್ರಮಾಣಪತ್ರ ಮಾತ್ರ.

ಆ ಗಾಡಿ ಕೆಟ್ಟಿರಲಿಲ್ಲ. ಅದರ ಹೊಟ್ಟೆಯ ಕೆಳಗೆ ಎರಡು ಜೋಡಿ ಪುಟ್ಟ ಕಣ್ಣುಗಳಿರುತ್ತವೆ. ಪ್ರತಿ ಜೋಡಿಯಲ್ಲಿ ಒಂದು, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ನೆಲಕ್ಕೆ ಬಿಡುತ್ತದೆ. ಇನ್ನೊಂದು, ಮರಳಿ ಬಂದ ಬೆಳಕನ್ನು ಅಳೆಯುತ್ತದೆ. ಬಿಳಿ ನೆಲ ಬೆಳಕನ್ನು ಹಿಂದಕ್ಕೆ ಕೊಡುತ್ತದೆ, ಕಪ್ಪು ಟೇಪು ನುಂಗಿಕೊಳ್ಳುತ್ತದೆ. ಎಷ್ಟು ಬೆಳಕು ಬಂದರೆ ಬಿಳಿ, ಎಷ್ಟಕ್ಕಿಂತ ಕಡಿಮೆಯಾದರೆ ಕಪ್ಪು ಎಂದು ನಿರ್ಧರಿಸುವುದಕ್ಕೆ ಬೋರ್ಡಿನ ಮೇಲೆ ನೀಲಿ ಡಬ್ಬಿಯಂಥ ಒಂದು ತಿರುಪು ಇರುತ್ತದೆ. ಬಿಸಿಲಿನಲ್ಲೂ ಅದೇ ಅವಕೆಂಪು ಬೆಳಕು ಬೇಕಾದಷ್ಟಿದೆ. ಬಿಸಿಲು ಬಿದ್ದ ಕಡೆ ಗಾಡಿಗೆ ಕಪ್ಪೂ ಬಿಳಿಯಾಗಿ ಕಾಣುತ್ತದೆ, ಗೆರೆಯೇ ಇಲ್ಲದಂತಾಗುತ್ತದೆ.

ನನ್ನ ಮಟ್ಟಿಗೆ ಇಡೀ ಶಿಬಿರದ ಅತ್ಯುತ್ತಮ ಪಾಠ ಆ ಬಿಸಿಲ ಪಟ್ಟಿಯಲ್ಲಿತ್ತು. ಪರದೆ ಎಳೆಯುವ ಬದಲು ಮಕ್ಕಳನ್ನೆಲ್ಲ ಸುತ್ತ ಕೂರಿಸಿ, ‘ಇದಕ್ಕೇನಾಯ್ತು ಹೇಳಿ ನೋಡೋಣ’ ಎಂದಿದ್ದರೆ ಸಾಕಿತ್ತು. ಮೊಬೈಲಿನ ಟಾರ್ಚ್ ಬಿಟ್ಟು ನೋಡಿದ್ದರೆ ಗಾಡಿ ಹೆಚ್ಚೇನೂ ಕಂಗೆಡುತ್ತಿರಲಿಲ್ಲ, ಹಳೆಯ ಕಾಲದ ತಂತಿಯ ಬಲ್ಬ್ ಹಿಡಿದಿದ್ದರೆ ಕಂಗೆಡುತ್ತಿತ್ತು. ಎರಡೂ ಬೆಳಕೇ, ಮತ್ತೆ ಯಾಕೆ ಹೀಗೆ? ಒಂಬತ್ತು ವರ್ಷದ ಮಗು ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳದೇ ಇರಬಹುದು. ಆದರೆ ಗಾಡಿಯ ಹೊಟ್ಟೆಗೆ ಕಪ್ಪು ಕಾಗದದ ಲಂಗ ಕಟ್ಟಿ ಬಿಸಿಲು ತಡೆಯುವ ಉಪಾಯ ಅದಕ್ಕೆ ಖಂಡಿತ ಹೊಳೆಯುತ್ತದೆ. ಕಚೇರಿಯಲ್ಲಿ ನನ್ನ ಸಂಬಳದ ಮುಕ್ಕಾಲು ಪಾಲು ಬರುವುದು ಇಂಥದಕ್ಕೇ: ನಿನ್ನೆ ಓಡುತ್ತಿದ್ದದ್ದು ಇವತ್ತು ಯಾಕೆ ಓಡುತ್ತಿಲ್ಲ ಎಂದು ಹುಡುಕುವುದಕ್ಕೆ. ಆ ಹುಡುಕಾಟವನ್ನೇ ಮಕ್ಕಳ ಕೈಯಿಂದ ಕಸಿದುಕೊಂಡು, ಅವರನ್ನು ಎಂಜಿನಿಯರ್ ಎಂದು ಕರೆದು, ಅದಕ್ಕೆ ನಾನು ಸಹಿ ಹಾಕಿ ಬಂದಿದ್ದೆ.

ಶಿಕ್ಷಕರನ್ನು ದೂರುವಂತಿಲ್ಲ. ಆತ ಎಂಜಿನಿಯರಿಂಗ್ ಕೊನೆಯ ವರ್ಷದ ಹುಡುಗ, ದಿನಗೂಲಿಯ ಲೆಕ್ಕದಲ್ಲಿ ಬಂದವನು. 28 ಮಕ್ಕಳನ್ನು ಒಬ್ಬನೇ ಸಂಭಾಳಿಸುತ್ತಿದ್ದ. ಕೊನೆಯ ದಿನ ಅಪ್ಪ–ಅಮ್ಮಂದಿರ ಮುಂದೆ ಒಂದು ಗಾಡಿ ನಿಂತರೂ ಬೈಸಿಕೊಳ್ಳುವವನು ಅವನೇ. ಪ್ರದರ್ಶನ ಚೆನ್ನಾಗಿರಲಿ ಎಂದು ದುಡ್ಡು ಕಟ್ಟಿದವರು ನಾವು. ನಮಗೆ ಬೇಕಾದದ್ದನ್ನೇ ಅವನು ಕೊಟ್ಟ.

ಆ ಹತ್ತು ದಿನಕ್ಕೆ ದುಡ್ಡಿಗಿಂತ ದೊಡ್ಡ ಬೆಲೆಯೊಂದನ್ನು ತೆತ್ತಿದ್ದೆವು. ನಮ್ಮೂರು ಹಾವೇರಿ ಕಡೆ. ಇಲ್ಲಿಂದ ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ ಮೇಲೆ ಐನೂರು ಕಿಲೋಮೀಟರ್ ಆಚೀಚೆ, ಒಂದು ರಾತ್ರಿಯ ಬಸ್ಸು. ಪ್ರತಿ ವರ್ಷ ಮೇ ತಿಂಗಳಲ್ಲಿ ಮೂರು ವಾರ ಮಗಳು ಅಜ್ಜಿಯ ಮನೆಯಲ್ಲಿರುತ್ತಾಳೆ. ಹೋದ ವರ್ಷ ಶಿಬಿರ, ಅದರ ಹಿಂದೆ ನನ್ನ ರಜೆಯ ತಾಪತ್ರಯ, ಎಲ್ಲ ಸೇರಿ ನಾಲ್ಕೇ ದಿನವಾಯಿತು. ‘ಅಲ್ಲವಾ, ನಾಲ್ಕ ದಿನಕ್ಕ ಕೂಸನ್ನ ಯಾಕ ಕರಕೊಂಡ ಬಂದಿ, ಬಸ್ಸಿನಾಗ ದಣದದ್ದs ಬಂತು’ ಎಂದು ಅವ್ವ ಅಂದದ್ದು ಈಗಲೂ ಕಿವಿಯಲ್ಲಿದೆ. ಮಗಳಿಗೆ ಶಾಲೆಯಲ್ಲಿ ಇಂಗ್ಲಿಷ್, ಅದರ ಜತೆ ಕಡ್ಡಾಯವಾಗಿ ಮರಾಠಿ, ಕೆಳಗೆ ಆಡಲು ಹೋದರೆ ಹಿಂದಿ. ಕನ್ನಡ ನಮ್ಮಿಬ್ಬರ ಜತೆ ಮಾತ್ರ, ಅದೂ ನಾವು ಲ್ಯಾಪ್‌ಟಾಪಿನಿಂದ ತಲೆ ಎತ್ತಿದಾಗ. ಊರಿಗೆ ಹೋದ ಎರಡನೇ ವಾರದಲ್ಲಿ ಅವಳ ಕನ್ನಡಕ್ಕೆ ಜೀವ ಬರುತ್ತದೆ. ಜಗಳವಾಡಲು ಬೇಕಾಗುವಷ್ಟು ಬರುತ್ತದೆ. ಆ ಎರಡನೇ ವಾರವನ್ನೇ ನಾನು ₹17,110ಕ್ಕೆ ಮಾರಿದ್ದೆ. ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿರುವ ನನ್ನಂಥವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ನಮಗೆ ಬೇಸಿಗೆ ಶಿಬಿರದ ಆಯ್ಕೆ ಎಂದರೆ ಬೇಸಿಗೆಯ ಆಯ್ಕೆಯೂ ಹೌದು.

ಹಾಗೆಂದು ಶಿಬಿರಗಳೇ ಬೇಡ ಎನ್ನುವವಳಲ್ಲ ನಾನು. ನಾನು ಈ ವೃತ್ತಿಗೆ ಬರಲು ಕಾರಣವೇ ಇಂಥ ಒಂದು ಗಳಿಗೆ. ನಮ್ಮ ಶಾಲೆಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಅದಕ್ಕೊಂದು ಕಸೂತಿ ಹಾಕಿದ ಬಟ್ಟೆ ಹೊದಿಸಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವ ಪದ್ಧತಿ. ಏಳನೇ ತರಗತಿಯಲ್ಲಿ ಅದರಲ್ಲಿ ಲೋಗೊ ಕಲಿಸಿದರು. ಪರದೆಯ ಮೇಲಿನ ಆಮೆಗೆ ‘100 ಹೆಜ್ಜೆ ಮುಂದೆ ಹೋಗು, ಇಷ್ಟು ಡಿಗ್ರಿ ಬಲಕ್ಕೆ ತಿರುಗು’ ಎಂದು ಹೇಳಿ ಚಿತ್ರ ಬಿಡಿಸುವ ಭಾಷೆ ಅದು. ತ್ರಿಕೋನ ಬರೆಯಿರಿ ಎಂದರು. ಸಮಬಾಹು ತ್ರಿಕೋನದ ಕೋನ 60 ಎಂದು ಬಾಯಿಪಾಠವಿತ್ತು. ಮೂರು ಸಲ ಮುಂದೆ ಹೋಗಿ, ಮೂರು ಸಲ 60 ಡಿಗ್ರಿ ತಿರುಗಿಸಿದೆ. ತ್ರಿಕೋನ ಕೂಡಲಿಲ್ಲ, ಅರ್ಧ ಮುರಿದ ಷಟ್ಕೋನ ಬಂತು. ಮೇಷ್ಟ್ರು ಏನೂ ಹೇಳಲಿಲ್ಲ. ‘ನೀನೇ ಆಮೆ ಆಗಿ ಅಂಗಳದಾಗ ನಡದ ನೋಡು’ ಎಂದರು. ಹೊರಗೆ ಹೋಗಿ ನಡೆದೆ. ಮೂಲೆಯಲ್ಲಿ ನಿಂತಾಗ, ನಾನು ತಿರುಗಬೇಕಾದದ್ದು ಒಳಗಿನ 60 ಅಲ್ಲ, ಹೊರಗಿನ 120 ಎಂದು ಕಾಲಿಗೆ ಮೊದಲು ತಿಳಿಯಿತು, ತಲೆಗೆ ಆಮೇಲೆ.

ಲೋಗೊ ಹುಟ್ಟಿದ್ದು 1967ರಲ್ಲಿ, ಅಮೆರಿಕದಲ್ಲಿ. ಸೆಮೂರ್ ಪೇಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫ್ಯೂರ್ಜಿಗ್ ಅದನ್ನು ಮಾಡಿದವರಲ್ಲಿ ಮುಖ್ಯರು. ಮಗು ಕಂಪ್ಯೂಟರಿಗೆ ಕಲಿಸಬೇಕು, ಕಂಪ್ಯೂಟರ್ ಮಗುವನ್ನು ಕುಣಿಸಬಾರದು ಎಂಬುದು ಪೇಪರ್ಟ್ ಹಿಡಿದ ಹಟ. ಈಗ ಎಲ್ಲ ಶಿಬಿರಗಳಲ್ಲೂ ಬಳಸುವ, ಬಣ್ಣದ ಇಟ್ಟಿಗೆಗಳನ್ನು ಒಂದಕ್ಕೊಂದು ಜೋಡಿಸಿ ಪ್ರೋಗ್ರಾಮ್ ಮಾಡುವ ‘ಸ್ಕ್ರ್ಯಾಚ್’ 2007ರಲ್ಲಿ ಎಂಐಟಿಯ ಮೀಡಿಯಾ ಲ್ಯಾಬ್‌ನಿಂದ ಬಂತು. ಅದು ಇದೇ ವಂಶದ ಕುಡಿ. ಪೂರ್ತಿ ಉಚಿತ. ಎಂಟು ವರ್ಷದ ಮೇಲಿನವರಿಗೆ ಇದು, ಐದರಿಂದ ಏಳರವರಿಗೆ ‘ಸ್ಕ್ರ್ಯಾಚ್ ಜೂನಿಯರ್’. ಸ್ಕ್ರ್ಯಾಚಿನ ವೇದಿಕೆಯ ನಡುವೆ ಸೊನ್ನೆ, ಬಲತುದಿಗೆ 240, ಎಡತುದಿಗೆ ಮೈನಸ್ 240. ಬೆಕ್ಕು ಎಡಕ್ಕೆ ಓಡಿ ಮಾಯವಾದಾಗ ನನ್ನ ಮಗಳು ಋಣಸಂಖ್ಯೆಯನ್ನು ಶಾಲೆಯಲ್ಲಿ ಕಲಿಯುವ ಮೊದಲೇ ಕಲಿತಳು. ಅದಕ್ಕೆ ಯಾವ ಶಿಬಿರಕ್ಕೂ ಹೋಗಿರಲಿಲ್ಲ.

ಹಾಗಾದರೆ ಶಿಬಿರದಿಂದ ಸಿಗಬೇಕಾದದ್ದೇನು? ಜತೆಗಾರರು, ಸಮಯ, ಮತ್ತು ಅವಸರ ಮಾಡದ ಒಬ್ಬ ದೊಡ್ಡವರು. ಈ ಮೂರಿಲ್ಲದಿದ್ದರೆ ಉಳಿದದ್ದೆಲ್ಲ ಮನೆಯಲ್ಲೇ ಸಿಗುತ್ತದೆ. ಹಾಗಾಗಿ ಈಗ ಯಾರಾದರೂ ಕೇಳಿದರೆ ನಾನು ಹೇಳುವುದು: ಪಠ್ಯಕ್ರಮದ ಪಟ್ಟಿ ನೋಡಬೇಡಿ, ಅರ್ಧ ತಾಸು ಒಳಗೆ ಕೂರಲು ಬಿಡುತ್ತೀರಾ ಎಂದು ಕೇಳಿ. ಬಿಡದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಬಿಟ್ಟರೆ, ಒಂದೇ ಒಂದು ಗಮನಿಸಿ: ಮಗುವಿನ ಗಾಡಿಯೋ ಪ್ರೋಗ್ರಾಮೋ ಕೈಕೊಟ್ಟಾಗ ಶಿಕ್ಷಕರ ಕೈ ಎಲ್ಲಿಗೆ ಹೋಗುತ್ತದೆ? ಮೌಸ್ ಕಸಿದು ತಾವೇ ಸರಿಮಾಡಿ ಮುಂದೆ ಹೋಗುತ್ತಾರೋ, ಕೈ ಹಿಂದೆ ಕಟ್ಟಿಕೊಂಡು ಪ್ರಶ್ನೆ ಕೇಳುತ್ತಾರೋ? ಒಬ್ಬ ಶಿಕ್ಷಕರಿಗೆ ಎಂಟು ಹತ್ತು ಮಕ್ಕಳಿಗಿಂತ ಹೆಚ್ಚಿದ್ದರೆ ಎರಡನೆಯದು ಅಸಾಧ್ಯ. ಎಷ್ಟು ಮಕ್ಕಳು ಎಂದು ಕೇಳಿದರೆ ‘ಸಣ್ಣ ಬ್ಯಾಚ್’ ಎನ್ನುತ್ತಾರೆ. ಸಂಖ್ಯೆ ಹೇಳಿಸಿಕೊಳ್ಳಿ.

ಇನ್ನೊಂದು, ಹಿಂದಿನ ಬ್ಯಾಚಿನ ಮಕ್ಕಳು ಮಾಡಿದ್ದನ್ನು ತೋರಿಸಿ ಎನ್ನಿ. ಹತ್ತು ಮಕ್ಕಳ ಹತ್ತು ಕೆಲಸಗಳೂ ಒಂದೇ ಥರ ಇದ್ದರೆ ಅದು ಮಕ್ಕಳ ಕೆಲಸವಲ್ಲ, ಕಾರ್ಖಾನೆಯ ಸಾಲು. ಕೆಲವು ಸೊಟ್ಟ, ಕೆಲವು ಅರ್ಧಂಬರ್ಧ, ಒಂದೆರಡು ವಿಚಿತ್ರ ಇದ್ದರೆ ನಂಬಬಹುದು. ಮೈಸೂರಿನ ರಂಗಾಯಣದ ಚಿಣ್ಣರ ಮೇಳಕ್ಕೆ ಮಕ್ಕಳನ್ನು ಕಳಿಸಿದವರಿಗೆ ಇದು ಗೊತ್ತು. ವೇದಿಕೆಯ ಮೇಲೆ ಮಾತು ಮರೆತ ಮಗು ಪಕ್ಕದವನ ಮುಖ ನೋಡಿ ಏನೋ ಸೇರಿಸಿ ಮುಂದುವರಿಸುತ್ತದಲ್ಲ, ಆ ಮುಂದುವರಿಕೆಗೇ ನಾವು ಚಪ್ಪಾಳೆ ಹೊಡೆಯುವುದು. ರೋಬೋಟಿಗೆ ಮಾತ್ರ ಯಾಕೆ ಬೇರೆ ನಿಯಮ?

ಮಾಡಿದ್ದು ಮನೆಗೆ ಬರಬೇಕು ಎನ್ನುವುದನ್ನು ನಾನು ಹಟ ಹಿಡಿದು ಹೇಳುತ್ತೇನೆ. ಬಿಚ್ಚುವುದಕ್ಕೆ ಸಿಗದ ಯಂತ್ರದಿಂದ ಮಕ್ಕಳು ಕಲಿಯುವುದು ಅಷ್ಟಕ್ಕಷ್ಟೆ. ಕಿಟ್‌ಗಳ ಬೆಲೆ ಕೇಳಿ ಹೆದರಬೇಕಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿಗೆ ಎಲ್ಲ ಊರಲ್ಲೂ ಅಣ್ಣತಮ್ಮಂದಿರಿದ್ದಾರೆ: ಪುಣೆಯಲ್ಲಿ ತಪಕೀರ್ ಗಲ್ಲಿ, ಮುಂಬೈಯಲ್ಲಿ ಲ್ಯಾಮಿಂಗ್ಟನ್ ರೋಡ್, ಚೆನ್ನೈಯಲ್ಲಿ ರಿಚಿ ಸ್ಟ್ರೀಟ್, ಹೈದರಾಬಾದಿನಲ್ಲಿ ಕೋಠಿ, ದೆಹಲಿಯಲ್ಲಿ ಲಜಪತ್ ರಾಯ್ ಮಾರ್ಕೆಟ್. ಒಂದು ಶನಿವಾರ ಮಗುವನ್ನು ಕರೆದುಕೊಂಡು ಹೋಗಿ. ಎರಡು ಮೋಟರು, ನಾಲ್ಕು ಚಕ್ರ, ಒಂದು ಆರ್ಡುಯಿನೊ ನಕಲು ಬೋರ್ಡು, ಒಂದು ಜೋಡಿ ಸೆನ್ಸರ್ ಕೊಳ್ಳಿ. ಶಿಬಿರದ ಶುಲ್ಕದ ಹತ್ತನೇ ಒಂದು ಪಾಲಿಗೆ ಚೀಲ ತುಂಬುತ್ತದೆ. ಅಂಗಡಿಯವನ ಜತೆ ಚೌಕಾಸಿ ಮಾಡುವುದೂ ಒಂದು ಪಾಠವೇ. ಲಿಥಿಯಂ ಸೆಲ್ ಮಾತ್ರ ಮಕ್ಕಳ ಕೈಗೆ ಬಿಡಬೇಡಿ, ಪೆನ್ಸಿಲ್ ಸೆಲ್ ಸಾಕು.

ಅದೂ ಬೇಡವೆಂದರೆ ಅರವಿಂದ ಗುಪ್ತಾ ಇದ್ದಾರೆ. ಐಐಟಿ ಕಾನ್ಪುರದಲ್ಲಿ ಓದಿ, ಇದೇ ಪುಣೆಯ ಐಯುಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ವರ್ಷಗಟ್ಟಲೆ ಕಸದಿಂದ ಆಟಿಕೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು. ಒಂದು ಸೆಲ್, ಎರಡು ಸೇಫ್ಟಿ ಪಿನ್, ಒಂದು ಅಯಸ್ಕಾಂತ, ಸ್ವಲ್ಪ ತಾಮ್ರದ ತಂತಿಯಿಂದ ಅವರು ಮಾಡಿಸುವ ಮೋಟರಿನಲ್ಲಿ ಒಂದು ಗುಟ್ಟಿದೆ. ಸುರುಳಿಯ ಒಂದು ತುದಿಯ ಲೇಪವನ್ನು ಪೂರ್ತಿ ಕೆರೆಯಬೇಕು, ಇನ್ನೊಂದು ತುದಿಯಲ್ಲಿ ಒಂದು ಮಗ್ಗುಲು ಹಾಗೇ ಬಿಡಬೇಕು. ಎರಡನ್ನೂ ಪೂರ್ತಿ ಕೆರೆದರೆ ಮೋಟರು ತೊಯ್ದಾಡಿ ನಿಲ್ಲುತ್ತದೆ. ಯಾಕೆಂದು ಕಂಡುಕೊಳ್ಳಲು ನನ್ನ ಮಗಳಿಗೆ ಒಂದು ಭಾನುವಾರ ಪೂರ್ತಿ ಹಿಡಿಯಿತು, ನನ್ನ ಗಂಡನಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಶಿಬಿರವೇ ಬೇಕೆಂದರೆ ಮುಂಬೈ ವರ್ಲಿಯ ನೆಹರೂ ವಿಜ್ಞಾನ ಕೇಂದ್ರ, ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತು ಸಂಗ್ರಹಾಲಯದಂಥ ಸರ್ಕಾರಿ ಕೇಂದ್ರಗಳಲ್ಲಿ ರಜೆಯ ಹವ್ಯಾಸ ಶಿಬಿರಗಳು ನಡೆಯುತ್ತವೆ. ಅವುಗಳ ಪೋಸ್ಟರ್ ನಮ್ಮ ವಾಟ್ಸ್‌ಆ್ಯಪಿಗೆ ಬರುವುದಿಲ್ಲ, ನಾವೇ ವಿಚಾರಿಸಬೇಕು. ಮಗುವಿನ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯೇ ಎಂದೂ ಕೇಳಿ. 6ರಿಂದ 12ನೇ ತರಗತಿಯ ಮಕ್ಕಳಿಗೆಂದು ಕೇಂದ್ರ ಸರ್ಕಾರ ಒಂದೊಂದು ಶಾಲೆಗೆ ₹20 ಲಕ್ಷದವರೆಗೆ ಅನುದಾನ ಕೊಡುವ ಯೋಜನೆ. ನಾನು ನೋಡಿದ ಒಂದು ಶಾಲೆಯಲ್ಲಿ ಅದರ ಬೀಗ ತೆಗೆಯುವುದು ಅತಿಥಿಗಳು ಬಂದಾಗ ಮಾತ್ರ. ಪಾಲಕರು ಕೇಳಿದರೆ ಬೀಗ ತೆಗೆಯಲೂಬಹುದು.

ಹದಿಹರೆಯದವರ ಮಾತು ಬೇರೆ. ನಮ್ಮ ತಂಡದ ಸಹೋದ್ಯೋಗಿಯೊಬ್ಬರ ಮಗನಿಗೆ ಹದಿನೈದು. ಹೆಸರಾಂತ ತಾಂತ್ರಿಕ ಸಂಸ್ಥೆಯೊಂದರ ಆವರಣದಲ್ಲಿ ಒಂದು ವಾರದ ವಸತಿಸಹಿತ ಎಐ ಶಿಬಿರ, ₹48,000. ಆ ಹೆಸರು ನೋಡಿಯೇ ಅವರು ಕಾರ್ಡ್ ತೆಗೆದಿದ್ದರು. ಸ್ವಲ್ಪ ಕೆದಕಿ ನೋಡಿದಾಗ ಶಿಬಿರ ನಡೆಸುವುದು ಬೇರೊಂದು ಕಂಪನಿ ಎಂದು ತಿಳಿಯಿತು. ಆವರಣ ಸಂಸ್ಥೆಯದು ಎಂದ ಮಾತ್ರಕ್ಕೆ ಪಾಠ ಸಂಸ್ಥೆಯದಾಗುವುದಿಲ್ಲ. ಪ್ರಮಾಣಪತ್ರಕ್ಕೆ ಯಾರ ಸಹಿ, ರಸೀದಿ ಯಾರ ಹೆಸರಲ್ಲಿ ಎಂದು ಕೇಳಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಹುಡುಗನಿಗೆ ನಿಜವಾಗಿ ಆಸಕ್ತಿ ಇದ್ದರೆ ಹಾರ್ವರ್ಡಿನ ಸಿಎಸ್50 ಪಾಠಗಳು ಪೂರ್ತಿ ಉಚಿತವಾಗಿ ಸಿಗುತ್ತವೆ. ಭಾರತೀಯ ಕಂಪ್ಯೂಟಿಂಗ್ ಒಲಿಂಪಿಯಾಡ್ ಇದೆ. ಅದರ ವಲಯಮಟ್ಟದ ಒಂದು ಪರೀಕ್ಷೆ ನಡೆಯುವುದು ಕಂಪ್ಯೂಟರ್ ಇಲ್ಲದೆ, ಪೆನ್ನು ಕಾಗದದಲ್ಲಿ! ತರ್ಕ ಬಂದರೆ ಭಾಷೆ ಆಮೇಲೆ ಬರುತ್ತದೆ ಎಂದು ಅದನ್ನು ನಡೆಸುವವರಿಗೆ ಗೊತ್ತಿದೆ.

ನನಗೆ ಕಂಡಂತೆ ಆ ವಯಸ್ಸಿನವರಿಗೆ ನಮ್ಮ ದೇಶದಲ್ಲಿರುವ ಅತ್ಯುತ್ತಮ ಬೇಸಿಗೆ ಶಿಬಿರ ಇಸ್ರೊದ ‘ಯುವಿಕಾ’. 2019ರಲ್ಲಿ ಆರಂಭವಾದದ್ದು, ಒಂಬತ್ತನೇ ತರಗತಿಯವರಿಗೆ. ಆಯ್ಕೆಯಾದವರಿಗೆ ಪ್ರಯಾಣ, ಊಟ, ವಸತಿ ಎಲ್ಲ ಉಚಿತ. ಆಯ್ಕೆಯಲ್ಲಿ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಶಾಲೆಗಳ ಮಕ್ಕಳಿಗೆ ಹೆಚ್ಚಿನ ಒತ್ತು. ಎಂದರೆ ಇಲ್ಲಿನ ನಮ್ಮ ಮಕ್ಕಳಿಗಿಂತ ಊರಿನ ನಮ್ಮ ಅಣ್ಣ–ತಮ್ಮಂದಿರ ಮಕ್ಕಳಿಗೆ ಹೆಚ್ಚು ಅವಕಾಶ. ನಮ್ಮಣ್ಣನಿಗೆ ಇದು ಗೊತ್ತೇ ಇರಲಿಲ್ಲ. ಅವನ ಮಗ ಈಗ ಎಂಟನೆಯಲ್ಲಿದ್ದಾನೆ. ಮುಂದಿನ ವರ್ಷ ಅರ್ಜಿ ಹಾಕಲು ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದ್ದೇನೆ. ಇಲ್ಲಿ ಕೂತು ಊರಿಗೆ ನಾವು ಮಾಡಬಹುದಾದ ಕೆಲಸಗಳಲ್ಲಿ ಒಂದು ಫೋನ್ ಕರೆ ಸಣ್ಣದೇನಲ್ಲ.

ಎಐ ಶಿಬಿರಗಳ ಬಗ್ಗೆ ಒಂದು ಮಾತು. ಚಾಟ್‌ಬಾಟಿಗೆ ಪ್ರಶ್ನೆ ಕೇಳುವುದನ್ನು ಕಲಿಸಲು ಹತ್ತು ದಿನ ಬೇಡ. ಚಾಟ್‌ಜಿಪಿಟಿಯ ನಿಯಮದ ಪ್ರಕಾರವೇ 13 ವರ್ಷದೊಳಗಿನವರು ಅದನ್ನು ಬಳಸುವಂತಿಲ್ಲ, 18ರೊಳಗಿನವರಿಗೆ ಪಾಲಕರ ಅನುಮತಿ ಬೇಕು. ಎಂಟು ವರ್ಷದವರಿಗೆ ಅದರಲ್ಲಿ ಖಾತೆ ತೆರೆಸುವ ಶಿಬಿರದ ಬಗ್ಗೆ ನಾನು ಬೇರೇನೂ ಹೇಳಬೇಕಿಲ್ಲ. ಗೂಗಲ್‌ನ ‘ಟೀಚಬಲ್ ಮಷೀನ್’ ಎಂಬ ಉಚಿತ ಸಾಧನವಿದೆ, ಖಾತೆ ಬೇಡ. ಕ್ಯಾಮೆರಾಕ್ಕೆ ಮುಷ್ಟಿ ತೋರಿಸಿ ‘ಕಲ್ಲು’, ಅಂಗೈ ತೋರಿಸಿ ‘ಕಾಗದ’ ಎಂದು ನಾವೇ ಕಲಿಸಬಹುದು. ಮಗಳು ತನ್ನ ಕೈಯನ್ನೇ ಐವತ್ತು ಸಲ ತೋರಿಸಿ ಕಲಿಸಿದಳು, ಅವಳ ಕೈಗೆ ಸರಿಯಾಗಿ ಹೇಳಿತು. ಬಳೆ ಹಾಕಿದ ನನ್ನ ಕೈ ಇಟ್ಟರೆ ತಪ್ಪು ಹೇಳಿತು. ‘ಅದು ನಿನ್ನ ಕೈ ನೋಡೇ ಇಲ್ವಲ್ಲ’ ಎಂದಳು. ಯಂತ್ರದ ಕಲಿಕೆಯ ಬಗ್ಗೆ ನಾನು ಎಂ.ಟೆಕ್‌ನಲ್ಲಿ ಒಂದು ಸೆಮಿಸ್ಟರ್ ಓದಿದ್ದರ ತಿರುಳು ಹೆಚ್ಚುಕಡಿಮೆ ಇಷ್ಟೇ.

ಹೆದರಿಸಿ ಮಾರುವವರಿಂದ ದೂರವಿರಿ. 2020ರ ಲಾಕ್‌ಡೌನ್ ಕಾಲದಲ್ಲಿ, ಆರು ವರ್ಷಕ್ಕೇ ಕೋಡಿಂಗ್ ಕಲಿಯದಿದ್ದರೆ ಮಗು ಹಿಂದೆ ಬಿತ್ತು ಎನ್ನುವ ಧಾಟಿಯ ಜಾಹೀರಾತುಗಳು ಎಷ್ಟು ಬಂದವು ನೆನಪಿದೆಯಲ್ಲ. ಅವುಗಳಲ್ಲಿ ಕೆಲವನ್ನು ಹಿಂತೆಗೆಯುವಂತೆ ಜಾಹೀರಾತು ಗುಣಮಟ್ಟ ಮಂಡಳಿಯೇ ಹೇಳಬೇಕಾಯಿತು. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಕೋಡಿಂಗ್ ಬರುವುದು ಮಾಧ್ಯಮಿಕ ಹಂತದಲ್ಲಿ, ಎಂದರೆ ಆರನೇ ತರಗತಿಯಿಂದ. ನನ್ನ ಜತೆ ಕೆಲಸ ಮಾಡುವ ಒಳ್ಳೊಳ್ಳೆಯ ಎಂಜಿನಿಯರುಗಳಲ್ಲಿ ಅರ್ಧದಷ್ಟು ಜನ ಮೊದಲ ಪ್ರೋಗ್ರಾಮ್ ಬರೆದದ್ದು ಕಾಲೇಜಿಗೆ ಹೋದ ಮೇಲೆ. ದಾಖಲಾತಿ ಅರ್ಜಿಯಲ್ಲಿ ಮಗುವಿನ ಫೋಟೊ, ವಿಡಿಯೊಗಳನ್ನು ಪ್ರಚಾರಕ್ಕೆ ಬಳಸಲು ಒಪ್ಪಿಗೆ ಎಂಬ ಸಾಲು ಸಣ್ಣಕ್ಷರದಲ್ಲಿರುತ್ತದೆ, ಅದನ್ನು ಹೊಡೆದುಹಾಕಿ. 18ರೊಳಗಿನವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಹೋದ ವರ್ಷ ನಾನು ಓದದೇ ಸಹಿ ಹಾಕಿದ್ದೆ. ಈ ವರ್ಷದ ಪೋಸ್ಟರಿನಲ್ಲಿ, ಗಾಡಿ ಹಿಡಿದ ಮಕ್ಕಳ ಸಾಲಿನಲ್ಲಿ, ನನ್ನ ಮಗಳೂ ನಗುತ್ತಿದ್ದಾಳೆ.

ನಮ್ಮ ಕನ್ನಡ ಸಂಘಗಳಿಗೆ ಒಂದು ಕೋರಿಕೆ ಇದೆ. ರಾಜ್ಯೋತ್ಸವಕ್ಕೆ ನಾವು ಸಭಾಂಗಣ ಹಿಡಿಯುತ್ತೇವೆ, ಊಟ ಮಾಡಿಸುತ್ತೇವೆ, ಆರ್ಕೆಸ್ಟ್ರಾ ತರಿಸುತ್ತೇವೆ. ಸದಸ್ಯರಲ್ಲಿ ಅರ್ಧ ಜನ ಎಂಜಿನಿಯರುಗಳು. ಏಪ್ರಿಲಿನಲ್ಲಿ ನಾಲ್ಕು ಭಾನುವಾರ, ಹತ್ತು ಮಕ್ಕಳು, ಇಬ್ಬರು ದೊಡ್ಡವರು, ಹಳೆಯ ಲ್ಯಾಪ್‌ಟಾಪ್‌ಗಳು, ಕನ್ನಡದಲ್ಲಿ ಮಾತು. ಇಷ್ಟು ನಮ್ಮಿಂದ ಆಗದೇ? ಎರಡು ನಷ್ಟಗಳಲ್ಲಿ ಒಂದಾದರೂ ತಪ್ಪುತ್ತದೆ. ‘ತಾಂತ್ರಿಕ ವಿಷಯ ಕನ್ನಡದಲ್ಲಿ ಹೇಗೆ’ ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರು. ಮೋಟರು ಮೋಟರೇ, ಸೆನ್ಸರ್ ಸೆನ್ಸರೇ. ‘ಯಾಕೆ ಹೀಗಾಯ್ತು’ ಎಂದು ಕೇಳುವುದಕ್ಕೆ ಕನ್ನಡ ಸಾಕು ಎಂದೆ. ಅವರು ಅನುಮಾನದಿಂದಲೇ ತಲೆಯಾಡಿಸಿ ಹಾಲ್ ಕೊಟ್ಟರು.

ಈ ಏಪ್ರಿಲಿನಲ್ಲಿ ಎರಡು ಭಾನುವಾರ ಆಗಿದೆ. ಏಳು ಮಕ್ಕಳು ಬರುತ್ತಿದ್ದಾರೆ. ಅವರಲ್ಲಿ ಹುಡುಗಿಯರು ನಾಲ್ಕು. ಸ್ಕ್ರೂಡ್ರೈವರ್ ಮೊದಲು ಅವರ ಕೈಗೆ ಕೊಡುವುದು ನನ್ನದೊಂದು ಸಣ್ಣ ಪಕ್ಷಪಾತ. ಮೊದಲ ದಿನ ಲೋಗೊ ಆಮೆ ಬಿಟ್ಟಿದ್ದೆ. ಮಗಳು ಅದರಲ್ಲಿ ರಂಗೋಲಿ ಬಿಡಿಸಲು ಹೋಗಿ ಸೋತಳು. ಚುಕ್ಕಿ ಇಡಬಲ್ಲಳು, ಎಳೆ ಸುತ್ತಿಸಲು ಬರಲಿಲ್ಲ. ನನಗೆ ಎಂ.ಟೆಕ್ ದಿನಗಳಲ್ಲಿ ಓದಿದ್ದೊಂದು ನೆನಪಾಯಿತು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ರಾಣಿ ಸಿರೊಮನಿ ದಂಪತಿ, ಕಮಲಾ ಕೃತಿವಾಸನ್ ಜತೆ ಸೇರಿ, ತಮಿಳುನಾಡಿನ ಹೆಂಗಸರು ಬಾಗಿಲಲ್ಲಿ ಹಾಕುವ ಕೋಲಂಗೆ ಕಂಪ್ಯೂಟರಿನ ವ್ಯಾಕರಣ ಬರೆದು 1974ರಲ್ಲೇ ಪ್ರಕಟಿಸಿದ್ದರು. ಮಕ್ಕಳಿಗೆ ಅದನ್ನು ಹೇಳಿದೆ. ‘ಹಂಗಾದ್ರೆ ಅಜ್ಜಿ ಪ್ರೋಗ್ರಾಮರ್ರಾ?’ ಎಂದು ಮಗಳು ಕೇಳಿದಳು. ಉತ್ತರ ಹೇಳುವ ಮೊದಲೇ ಫೋನ್ ಹಚ್ಚಿದ್ದಳು. ಎಳೆ ಎಲ್ಲಿಂದ ಶುರುಮಾಡಬೇಕು, ಚುಕ್ಕಿ ಸುತ್ತಿ ಎತ್ತ ಹೋಗಬೇಕು ಎಂದು ಅವ್ವ ಹತ್ತು ನಿಮಿಷ ವಿವರಿಸಿದಳು. ಅರ್ಧ ಅರ್ಥವಾಗಲಿಲ್ಲ. ‘ಫೋನಿನಾಗ ತಿಳಿಯೂದಲ್ಲದು, ಬಂದಾಗ ಅಂಗಳದಾಗ ಕುಂದರಸಿ ಹೇಳಿ ಕೊಡ್ತೀನಿ’ ಎಂದು ಇಟ್ಟಳು.

ಮೇ 2ರ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ. ಈ ಸಲ ನಾಲ್ಕು ವಾರ. ತಪಕೀರ್ ಗಲ್ಲಿಯಿಂದ ತಂದ ಸಾಮಾನಿನಲ್ಲಿ ಅವಳೇ ಕಟ್ಟಿದ ಗಾಡಿ ಚೀಲದಲ್ಲಿದೆ, ಒಂದು ಚಕ್ರ ಸ್ವಲ್ಪ ಸೊಟ್ಟ. ಕಪ್ಪು ಟೇಪಿನ ಜತೆ ಕಪ್ಪು ಡ್ರಾಯಿಂಗ್ ಕಾಗದವನ್ನೂ ಇಟ್ಟುಕೊಂಡಿದ್ದಾಳೆ. ಹಾವೇರಿಯ ಬಿಸಿಲು ಜೋರು ಎಂದು ಅವಳಿಗೆ ಗೊತ್ತು.